ರಿಬ್ಬನ್ನಿನ ಮುಂದೆ ಜೇನು

ನನ್ನ ಅಣ್ಣ ವಿಸೇತ್‌ಗೆ ‘ಆಗಲ್ಲ’ ಅನ್ನುವ ಮಾತು ಬಾಯಿಂದ ಹೊರಡುವುದಿಲ್ಲ. ಬೇಡವಾದದ್ದನ್ನು ತಟ್ಟೆಗೆ ಬಡಿಸಿದರೂ ಪರವಾಗಿಲ್ಲ ಎಂದು ತಿನ್ನುತ್ತಾನೆ. ಯಾರಾದರೂ ಕಾಲು ತುಳಿದರೆ ಪರವಾಗಿಲ್ಲ ಎಂದು ಇನ್ನೊಂದು ಕಾಲನ್ನೂ ಸರಿಸಿ ಜಾಗ ಕೊಡುತ್ತಾನೆ. ನಮ್ಮ ಮೆಕಾಂಗ್ ನದಿಯ ಎರಡೂ ದಡಗಳಲ್ಲಿ ಇಂಥವರೇ ತುಂಬಿದ್ದಾರೆ, ಈಚೆ ಲಾವೋಸಿನಲ್ಲೂ, ಆಚೆ ಥಾಯ್ಲೆಂಡಿನಲ್ಲೂ. ಎದುರಿಗಿರುವವರ ಮುಖ ಸಣ್ಣದಾಗಬಾರದು, ಅಷ್ಟೆ. ಮಿಕ್ಕಿದ್ದೆಲ್ಲ ಹಾಳಾಗಿ ಹೋಗಲಿ. ನಾನೊಬ್ಬಳು ಹೇಗೋ ತಪ್ಪಿ ಇಲ್ಲಿ ಹುಟ್ಟಿದೆ. ‘ಸೆಂಗ್‌ದಾವ್, ಲಾರಿ ಓಡಿಸಿ ಓಡಿಸಿ ನಿನ್ನ ಬಾಯಿಗೂ ಹಾರ್ನ್ ಬಂದಿದೆ’ ಎಂದು ಅಮ್ಮ ಬೈಯುತ್ತಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಆ ಬೆಳಿಗ್ಗೆ ನನ್ನ ಲಾರಿಯಲ್ಲಿ ಇದ್ದದ್ದು ಅಣ್ಣನ ನಲವತ್ತು ಜೇನುಪೆಟ್ಟಿಗೆಗಳು. ಅವನ ಬದುಕೆಂದರೆ ಅದೇ. ಬ್ಯಾಂಕಾಕಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಸೊಂಟ ಮುರಿದುಕೊಂಡು ಬಂದವನು, ಎರಡು ಪೆಟ್ಟಿಗೆಯಿಂದ ಶುರು ಮಾಡಿ ನಲವತ್ತಕ್ಕೆ ತಂದಿದ್ದ. ಆದರೆ ನಮ್ಮ ಕಡೆ ಬೇಸಿಗೆ ಶುರುವಾಯಿತೆಂದರೆ ಗುಡ್ಡದ ಹೊಲಗಳಿಗೆಲ್ಲ ಬೆಂಕಿ ಹಾಕುತ್ತಾರೆ. ಹುಳುಗಳಿಗೆ ಹೊಗೆ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಅದೇ ಹೊತ್ತಿಗೆ ನದಿಯ ಆಚೆ ಬುವಾಲಾಯ್ ಚಿಕ್ಕಮ್ಮನ ಲಮ್ಯಾಯ್ ತೋಟ ಮರವೇ ಕಾಣದಷ್ಟು ಹೂ ಬಿಟ್ಟಿರುತ್ತದೆ. ಲಿಚಿಯ ತಂಗಿಯಂಥ ಹಣ್ಣು ಅದು. ಹೂವಿನ ಕಾಲ ಮೂರೇ ವಾರ. ಪ್ರತಿ ವರ್ಷ ಅಣ್ಣ ಈಚೆ ಕೂತು ಹುಳುಗಳಿಗೆ ಸಕ್ಕರೆ ನೀರು ಕುಡಿಸುತ್ತ, ಅರ್ಧಕ್ಕರ್ಧ ಸಾಯುವುದನ್ನು ನೋಡುತ್ತ ಇರುತ್ತಿದ್ದ. ಗಡಿಯಲ್ಲಿ ಲಾರಿಯಿಂದ ಲಾರಿಗೆ ಸರಕು ಇಳಿಸಿ ಏರಿಸಬೇಕೆಂಬ ಕಟ್ಟಳೆ ಇತ್ತು, ಜೀವ ಇರುವ ಸರಕನ್ನಂತೂ ಬಿಡುತ್ತಲೇ ಇರಲಿಲ್ಲ. ಈ ವರ್ಷ ಹೊಸ ಒಪ್ಪಂದವಾಗಿ, ನಮ್ಮ ಲಾರಿಯೇ ನೆಟ್ಟಗೆ ಆಚೆಯ ತೋಟಕ್ಕೆ ಹೋಗಬಹುದು ಎಂದಾಯಿತು. ಮೊದಲ ಲಾರಿ ನಮ್ಮದು. ಇದು ಸರಿಯಾಗಿ ದಾಟಿದರೆ ಊರಿನ ಉಳಿದ ಜೇನು ಸಾಕುವವರೂ ದಾಟುತ್ತಾರೆ, ಇಲ್ಲದಿದ್ದರೆ ಇಲ್ಲ.

ಜೇನು ಸಾಗಿಸುವುದೆಂದರೆ ಬಿಸಿಲಿನ ಜೊತೆ ಓಟ. ಮುಸ್ಸಂಜೆ ಹುಳುಗಳೆಲ್ಲ ಗೂಡಿಗೆ ಮರಳಿದ ಮೇಲೆ ಬಾಗಿಲಿಗೆ ಜಾಲರಿ ಬಡಿದು, ಲಾರಿಗೇರಿಸಿ, ಬಿಸಿಲು ಏರುವ ಮುಂಚೆ ಮುಟ್ಟಿಸಬೇಕು. ಲಾರಿ ಓಡುತ್ತಿದ್ದರೆ ಒಳಗೆ ಗಾಳಿಯಾಡುತ್ತದೆ, ನಿಂತರೆ ಪೆಟ್ಟಿಗೆ ಒಲೆಯಾಗುತ್ತದೆ. ಸೇತುವೆಯ ಗೇಟು ತೆಗೆಯುವ ಹೊತ್ತಿಗೇ ದಾಟಿಬಿಡುವುದು ನನ್ನ ಲೆಕ್ಕವಾಗಿತ್ತು. ಗೇಟಿನ ಹತ್ತಿರ ಬಂದು ನೋಡಿದರೆ ಶಾಮಿಯಾನ ಹಾಕಿದ್ದರು.

ಪಸಿತ್ ಓಡಿ ಬಂದ. ಗಡಿ ಕಚೇರಿಯ ಹುಡುಗ, ನಮ್ಮ ಪರವಾನಗಿಗಾಗಿ ಮೂರು ವರ್ಷ ಎರಡು ದೇಶದ ಕಚೇರಿಗಳಿಗೆ ಅಲೆದವನು. ಬಿಳಿ ಅಂಗಿ, ಎರಡು ಕೈಯಲ್ಲೂ ಫೋನು.

“ಬಂದ್ರಾ ಅಕ್ಕಾ! ಇನ್ನೂ ಸ್ವಲ್ಪ ಮುಂದೆ ಬನ್ನಿ, ರಿಬ್ಬನ್ ಹತ್ರ. ಸಾಕು ಸಾಕು, ಎಂಜಿನ್ ಆರಿಸಿ. ಒಂಬತ್ತಕ್ಕೆ ಮುಹೂರ್ತ.”

“ಯಾವ ಮುಹೂರ್ತನೋ? ಯಾರದ್ದಾದ್ರೂ ಮದುವೆನಾ?”

“ಉದ್ಘಾಟನೆ ಅಕ್ಕಾ! ಎರಡೂ ಕಡೆಯಿಂದ ದೊಡ್ಡವರು ಬರ್ತಾರೆ. ಮೊನ್ನೆನೇ ಅಣ್ಣನ್ನ ಕೇಳಿದ್ನಲ್ಲ, ಒಂಬತ್ತಾದ್ರೆ ತೊಂದ್ರೆ ಇಲ್ವಾ ಅಂತ. ಪರವಾಗಿಲ್ಲ ಅಂದ್ರು.”

ನಾನು ಅಣ್ಣನ ಕಡೆ ತಿರುಗಿದೆ. ಅವನು ತನ್ನ ಚಪ್ಪಲಿಯನ್ನು ಇವತ್ತೇ ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ.

“ಪಾಪ, ನಮಗೋಸ್ಕರ ಎಷ್ಟು ಓಡಾಡಿದಾನೆ,” ಎಂದ ಮೆಲ್ಲಗೆ. “ಹೆಂಗೆ ಬೇಡ ಅನ್ನೋದು ಹೇಳು. ಒಂಬತ್ತಕ್ಕೆ ಬಿಸಿಲು ಇನ್ನೂ ಎಳೇದಿರುತ್ತೆ ತಂಗಿ.”

“ನಿನ್ನ ನಾಲಿಗೆಗೆ ಯಾರಣ್ಣ ಎಣ್ಣೆ ಹಚ್ಚಿದ್ದು? ಬರೀ ಜಾರುತ್ತೆ, ನಿಲ್ಲೋದೇ ಇಲ್ಲ!”

ಹಿಂದಕ್ಕೆ ತೆಗೆಯೋಣವೆಂದು ಕನ್ನಡಿ ನೋಡಿದೆ. ನಮ್ಮ ಹಿಂದೆ ಆಗಲೇ ಜೋಳದ ಲಾರಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಮುಂದೆ ರಿಬ್ಬನ್, ಹಿಂದೆ ಜೋಳ. ಅಷ್ಟರಲ್ಲಿ ನಾಲ್ಕು ಜನ ಹತ್ತಿ, ಪೆಟ್ಟಿಗೆಗಳ ಒಂದು ಪಕ್ಕ ಪೂರ್ತಿ ಮುಚ್ಚುವಂತೆ ದೊಡ್ಡ ಪ್ಲಾಸ್ಟಿಕ್ ಬ್ಯಾನರ್ ಬಿಗಿದರು. ಎರಡು ಬಾವುಟ, ನಡುವೆ ಕೈಕುಲುಕುವ ಎರಡು ಕೈ. ಮುಂದಿನ ಗಾಜಿನ ಸುತ್ತ ಚೆಂಡುಹೂವಿನ ಹಾರ ಬಿತ್ತು. ಶಾಮಿಯಾನದಲ್ಲಿ ನಮ್ಮ ಕಡೆಯ ರೇಷ್ಮೆ ಲಂಗ, ಸಿನ್, ಉಟ್ಟ ಹುಡುಗಿಯರು ಹೂವಿನ ಬಟ್ಟಲು ಹಿಡಿದು ಕೂತಿದ್ದರು. ಪಕ್ಕದ ಜಗಲಿಯ ಮೇಲೆ ನದಿದಡದ ಬೌದ್ಧ ವಿಹಾರದ ಹಿರಿಯ ಭಿಕ್ಷುಗಳೊಬ್ಬರು ಕಣ್ಣು ಅರೆಮುಚ್ಚಿ ಕೂತಿದ್ದರು. ಉದ್ಘಾಟನೆ ಮುಗಿದ ಮೇಲೆ ಅವರನ್ನು ಕಾರಿನಲ್ಲಿ ಆಚೆ ಕರೆದುಕೊಂಡು ಹೋಗಿ, ಬುವಾಲಾಯ್ ಚಿಕ್ಕಮ್ಮನ ತೋಟದಲ್ಲೇ ಊಟಕ್ಕೆ ಕೂರಿಸುವುದೆಂದು ಗೊತ್ತಾಗಿತ್ತು.

ಒಂಬತ್ತಾಯಿತು. ಯಾರೂ ಬರಲಿಲ್ಲ. ಒಂಬತ್ತೂವರೆಯಾಯಿತು. ಪಸಿತ್ ಒಂದು ಕಿವಿಗೆ ಒಂದು ಫೋನು, ಇನ್ನೊಂದು ಕಿವಿಗೆ ಇನ್ನೊಂದು ಇಟ್ಟುಕೊಂಡು ಅತ್ತಿಂದಿತ್ತ ಸುತ್ತುತ್ತಿದ್ದ. ವಿಷಯ ಏನೆಂದರೆ, ನಮ್ಮ ಕಡೆಯ ದೊಡ್ಡವರು ಊರಿನ ಅತಿಥಿಗೃಹದಲ್ಲಿ ತಯಾರಾಗಿ ಕೂತಿದ್ದಾರೆ. ಆಚೆಯ ದೊಡ್ಡವರು ಹೊರಟರೆಂದು ತಿಳಿದರೆ ಇವರು ಹೊರಡುತ್ತಾರೆ. ಆಚೆಯವರೂ ತಯಾರಾಗಿ ಕೂತಿದ್ದಾರೆ. ಇವರು ಹೊರಟರೆಂದು ತಿಳಿದರೆ ಅವರು ಹೊರಡುತ್ತಾರೆ.

“ಇಬ್ಬರಿಗೂ ಹೇಳ್ಬಿಡೋ, ಇನ್ನೊಬ್ಬರು ಹೊರಟಾಯ್ತು ಅಂತ!” ಎಂದೆ.

“ಅಯ್ಯೋ ಅಕ್ಕಾ, ಆಮೇಲೆ ಒಬ್ಬರು ಮೊದ್ಲು ಬಂದು ಬಿಸಿಲಲ್ಲಿ ಕಾಯೋ ಹಾಗಾದ್ರೆ? ತಡವಾಗಿ ಬಂದವರಿಗೆ ಎಂಥ ನಾಚಿಕೆ! ಮುಖ ಎಲ್ಲಿಟ್ಕೊಳ್ಳೋದು ಅವರು?”

“ಬಿಸಿಲಲ್ಲಿ ಯಾರೂ ಕಾಯ್ತಾನೇ ಇಲ್ಲ ಅಂದ್ಕೊಂಡ್ಯಾ ನೀನು?”

ಅವನು ಲಾರಿಯ ಕಡೆ ನೋಡಿ, ತಕ್ಷಣ ಕಣ್ಣು ತಿರುಗಿಸಿದ. ನನಗೆ ಮೈಯೆಲ್ಲ ಉರಿದು ಹೋಯಿತು.

ಲಾರಿಯಿಂದ ಬರುತ್ತಿದ್ದ ಸದ್ದು ಬದಲಾಗಿತ್ತು. ಬೆಳಿಗ್ಗೆ ಗುಂಯ್ ಎಂದಿದ್ದದ್ದು ಈಗ ಮಳೆ ತಗಡಿನ ಮೇಲೆ ಬಿದ್ದ ಹಾಗೆ ಭೋರೆನ್ನುತ್ತಿತ್ತು. ಒಳಗಿನ ಹುಳುಗಳೆಲ್ಲ ರೆಕ್ಕೆ ಬೀಸಿ ಗೂಡನ್ನು ತಣ್ಣಗೆ ಮಾಡಲು ಹೆಣಗುತ್ತಿದ್ದವು. ಬೀಸಿದಷ್ಟೂ ಅವುಗಳ ಮೈಯೇ ಕಾಯುತ್ತದೆ, ಕಾದಷ್ಟೂ ಇನ್ನೂ ಜೋರಾಗಿ ಬೀಸುತ್ತವೆ. ಹೊರಗೆ ಬರಲು ನುಗ್ಗಿದ ಹುಳುಗಳು ಜಾಲರಿಗೆ ಒತ್ತಿಕೊಂಡು, ಬರುವ ಚೂರು ಗಾಳಿಗೂ ತಾವೇ ಅಡ್ಡವಾಗಿದ್ದವು. ಅಣ್ಣ ಲಾರಿ ಹತ್ತಿ ಒಂದೊಂದೇ ಪೆಟ್ಟಿಗೆಗೆ ಕಿವಿ ಇಟ್ಟು ಕೇಳುತ್ತಿದ್ದ.

“ಇಷ್ಟು ಅರಚಾಡ್ತಿದಾವಲ್ಲಣ್ಣ,” ಎಂದೆ.

“ಅರಚಲಿ. ಅಲ್ಲೀವರೆಗೂ ಪರವಾಗಿಲ್ಲ. ಸುಮ್ಮನಾದ್ರೆ ಹೇಳು ನಂಗೆ.”

ಬ್ಯಾನರು ಮುಚ್ಚಿದ್ದ ಕಡೆ ಕೈ ಹಾಕಿ ನೋಡಿದೆ. ಹಬೆಯಲ್ಲಿ ಅನ್ನ ಬೇಯುವ ಬಿದಿರು ಬುಟ್ಟಿಯೊಳಗೆ ಕೈ ಹಾಕಿದಂತಾಯಿತು. ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಲಾರಿಯಲ್ಲಿದ್ದ ಹಗ್ಗ ಕೊಯ್ಯುವ ಕತ್ತಿ ತೆಗೆದು ಬ್ಯಾನರನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದೆ. ಕೈಕುಲುಕುತ್ತಿದ್ದ ಎರಡು ಕೈಗಳು ಬೇರೆ ಬೇರೆಯಾಗಿ ನೆಲಕ್ಕೆ ಬಿದ್ದವು. ಶಾಮಿಯಾನದ ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡರು. ಅಲ್ಲಿಂದ ನೇರ ಹೋಗಿ, ಕುರ್ಚಿಗಳ ಹಿಂದೆ ಪೇರಿಸಿದ್ದ ನೀರಿನ ಬಾಟಲಿಗಳ ಕಟ್ಟು ಎತ್ತಿಕೊಂಡು ಬಂದೆ.

“ಅಕ್ಕಾ, ಅದು ಗಣ್ಯರ ನೀರು!” ಪಸಿತ್ ಹಿಂದೆ ಹಿಂದೆ ಓಡಿ ಬಂದ.

“ಗಣ್ಯರು ಈ ಪೆಟ್ಟಿಗೆಯೊಳಗಿದಾರೆ. ಹಿಡ್ಕೋ, ಮುಚ್ಚಳ ತೆಗೆದು ಕೊಡು.”

ಅವನು ನಿಜವಾಗಲೂ ಮುಚ್ಚಳ ತೆಗೆದು ಕೊಟ್ಟ. ಬಡಪಾಯಿ. ನಾವಿಬ್ಬರೂ ಪೆಟ್ಟಿಗೆಗಳ ಮೇಲೆ, ಜಾಲರಿಯ ಮೇಲೆ ನೀರು ಸುರಿದೆವು. ಸುರಿದದ್ದೆಲ್ಲ ಕಣ್ಣೆದುರೇ ಆರಿಹೋಗುತ್ತಿತ್ತು. ಬಾಟಲಿಗಳು ಮುಗಿದವು. ಬಿಸಿ ಮೇಣದ ವಾಸನೆ ಎದ್ದಿತು. ಸ್ವಲ್ಪ ಹೊತ್ತಿಗೆ ಲಾರಿಯ ಅಡಿಯಿಂದ ಡಾಂಬರಿನ ಮೇಲೆ ಏನೋ ತೊಟ್ಟಿಕ್ಕಲು ಶುರುವಾಯಿತು. ನೀರೆಂದುಕೊಂಡು ಬೆರಳಿಟ್ಟೆ. ಜೇನುತುಪ್ಪ. ಒಳಗೆ ಮೇಣದ ಎರಿಗಳು ಕರಗಿ ಕುಸಿಯುತ್ತಿದ್ದವು.

“ತಂಗೀ,” ಅಣ್ಣ ಮೇಲಿನಿಂದ ಕರೆದ. ಅವನ ಕಿವಿ ಮೂಲೆಯ ಪೆಟ್ಟಿಗೆಗೆ ಅಂಟಿತ್ತು. “ಇದು ಸುಮ್ಮನಾಯ್ತು.”

ನಾನು ಲಾರಿಗೆ ಹತ್ತಿದೆ. “ಬಾಗಿಲು ತೆಗಿ. ಎಲ್ಲಾ ತೆಗೆದುಬಿಡು! ಹಾರಿ ಹೋಗಲಿ, ಜೀವ ಆದ್ರೂ ಉಳಿಯುತ್ತೆ.”

“ಬೇಡ.” ಅವನ ಮುಖ ಬೆವರಿನಲ್ಲಿ ತೊಯ್ದು ಹೋಗಿತ್ತು. “ಈಗ ಬಿಟ್ರೆ ಹುಚ್ಚು ಹಿಡಿದ ಹಾಗೆ ಬರ್ತವೆ. ಅಲ್ಲಿ ಅಷ್ಟು ಮಕ್ಕಳು ಕೂತಿದಾರೆ, ನೋಡು. ಒಂದು ಮಗುಗೆ ಏನಾದ್ರೂ ಆದ್ರೆ ಈ ಸೇತುವೆ ಮೇಲೆ ಇನ್ನು ಯಾವ ಕಾಲಕ್ಕೂ ಜೇನು ದಾಟಲ್ಲ. ಊರವರೆಲ್ಲ ನನ್ನ ನಂಬ್ಕೊಂಡಿದಾರೆ.”

ನಾನು ಕೆಳಗಿಳಿದು ಪಸಿತ್‌ನ ಅಂಗಿ ಹಿಡಿದುಕೊಂಡೆ. “ದಾರಿ ಬಿಡು. ಈಗ್ಲೇ.”

“ನನ್ನ ಕೈಲಿಲ್ಲ ಅಕ್ಕಾ.” ಅವನ ಕಣ್ಣು ತುಂಬಿತ್ತು. “ಲಾರಿ ಇಲ್ಲದೆ ಅವರು ಬಂದು ಏನು ಉದ್ಘಾಟನೆ ಮಾಡ್ತಾರೆ? ಅವಮಾನ ಆದ್ರೆ ಮುಂದಿನ ವರ್ಷ ಇದಕ್ಕೆ ಯಾರೂ ಸಹಿ ಹಾಕಲ್ಲ. ಇನ್ನು ಹತ್ತು ನಿಮಿಷ. ಹೊರಟಿರಬಹುದು ಈಗ.”

“ಹೊರಟಿರಬಹುದಂತೆ!”

ಅವನಿಗೆ ಎರಡು ಬಾರಿಸಬೇಕೆನಿಸಿತು. ಬಾರಿಸಿದರೆ ಏನೂ ಆಗುವುದಿಲ್ಲವೆಂದು ಗೊತ್ತಿತ್ತು. ಸಿಟ್ಟಿಗೆ ಅಳು ಬರುತ್ತಿತ್ತು. ಮುಖ ತಿರುಗಿಸಿದರೆ ಜಗಲಿಯ ಮೇಲಿನ ಭಿಕ್ಷುಗಳು ನನ್ನನ್ನೇ ನೋಡುತ್ತಿದ್ದರು. ಕಣ್ಣು ಈಗ ಪೂರ್ತಿ ತೆರೆದಿತ್ತು. ಹೋಗಿ ದೂರದಲ್ಲಿ ಮಂಡಿಯೂರಿ ಕೈಮುಗಿದೆ.

“ಗುರುಗಳೇ, ಅಷ್ಟೂ ಸಾಯ್ತಾ ಇದಾವೆ.”

“ಕೇಳಿಸ್ತಿದೆ,” ಎಂದರು. ಆಮೇಲೆ ಸೂರ್ಯನ ಕಡೆ ನೋಡಿದರು. “ಹೊತ್ತು ಎಷ್ಟಾಯ್ತಮ್ಮ?”

“ಹನ್ನೊಂದಾಗ್ತಾ ಬಂತು.”

“ಹೌದಾ.” ಚೀವರವನ್ನು ಹೆಗಲ ಮೇಲೆ ಸರಿಮಾಡಿಕೊಂಡರು. “ಹಸಿವು ಅಂತ ನಾನು ಕೇಳೋ ಹಾಗಿಲ್ಲ. ಬೇರೆಯವರು ನೆನಪು ಮಾಡಿದ್ರೆ ತಪ್ಪೇನಿಲ್ಲ.”

ಎರಡು ಗಳಿಗೆ ನನಗೆ ಅರ್ಥವಾಗಲಿಲ್ಲ. ಆಮೇಲೆ ಎದ್ದು ನಿಂತೆ. ನಮ್ಮ ಭಿಕ್ಷುಗಳು ಮಧ್ಯಾಹ್ನ ಹನ್ನೆರಡು ದಾಟಿದರೆ ಮರುದಿನ ಬೆಳಿಗ್ಗೆಯವರೆಗೆ ಒಂದು ತುತ್ತು ಮುಟ್ಟುವುದಿಲ್ಲ. ಅವರ ಊಟ ಆಚೆಯ ತೋಟದಲ್ಲಿದೆ. ಭಿಕ್ಷುಗಳ ಊಟ ತಪ್ಪಿಸಿದ ಪಾಪವನ್ನು ತಲೆಗೆ ಕಟ್ಟಿಕೊಳ್ಳುವ ಅಧಿಕಾರಿ ಈ ದಡದಲ್ಲೂ ಇಲ್ಲ, ಆ ದಡದಲ್ಲೂ ಇಲ್ಲ, ಎಷ್ಟು ದೊಡ್ಡವನಾದರೂ ಸರಿ.

“ಪಸಿತ್!” ನಾನು ಶಾಮಿಯಾನಕ್ಕೆಲ್ಲ ಕೇಳುವ ಹಾಗೆ ಕೂಗಿದೆ. “ಗುರುಗಳ ಊಟದ ಹೊತ್ತು ಮೀರ್ತಾ ಇದೆ! ಇವತ್ತು ಅವರು ಉಪವಾಸ ಇದ್ರೆ ಆ ಪಾಪ ಯಾರದ್ದು? ನಿಂದಾ, ನಿಮ್ಮ ದೊಡ್ಡವರದ್ದಾ?”

ಹುಡುಗಿಯರ ಹಿಂದಿದ್ದ ಅಜ್ಜಿಯರೆಲ್ಲ ಒಟ್ಟಿಗೆ “ಅಯ್ಯಯ್ಯೋ” ಎಂದರು. ಪಸಿತ್ ಬಿಳಿಚಿಕೊಂಡ. “ಕಾರು... ಕಾರು ದೊಡ್ಡವರನ್ನ ಕರೆತರೋಕೆ ಹೋಗಿದೆ ಗುರುಗಳೇ.”

“ಲಾರಿ ಇದೆಯಲ್ಲ,” ಎಂದರು ಭಿಕ್ಷುಗಳು, ಮೆಟ್ಟಿಲು ಇಳಿಯುತ್ತ.

ಪಸಿತ್ ರಿಬ್ಬನ್ನಿನ ಮುಂದೆ ನಿಂತ. ಒಂದು ಫೋನು ಬಡಿದುಕೊಳ್ಳುತ್ತಿತ್ತು. ಅವನು ಅದನ್ನು ನೋಡಿದ, ಲಾರಿಯಿಂದ ತೊಟ್ಟಿಕ್ಕುತ್ತಿದ್ದ ಜೇನನ್ನು ನೋಡಿದ. ಫೋನನ್ನು ಜೇಬಿಗೆ ಹಾಕಿ, ರಿಬ್ಬನ್ ಕಟ್ಟಿದ್ದ ಕಂಬದ ಹತ್ತಿರ ಹೋದ.

“ಕತ್ತರಿಸೋದು ಬೇಡ,” ಎಂದ ತನಗೆ ತಾನೇ. “ಬಿಚ್ಚಿ ಆಮೇಲೆ ಕಟ್ಟಿಬಿಡ್ತೀನಿ.”

ಗಂಟು ಬಿಚ್ಚಲು ಬರಲಿಲ್ಲ. ಕೊನೆಗೆ ಹಲ್ಲು ಹಾಕಿ ಎಳೆದ.

ನನ್ನ ಪಕ್ಕ ಭಿಕ್ಷುಗಳು ಕೂರುವ ಹಾಗಿಲ್ಲ, ಹೆಂಗಸಿನ ಬಟ್ಟೆಯ ತುದಿಯೂ ಅವರಿಗೆ ತಾಗಬಾರದು. ಹಾಗಾಗಿ ಅಣ್ಣ ನಡುವೆ ಕೂತ, ಸೊಂಟ ನೋವಿಗೆ ಹಲ್ಲು ಕಚ್ಚಿಕೊಂಡು, ಇಬ್ಬರ ನಡುವೆ ಗೋಡೆಯ ಹಾಗೆ. ಎಂಜಿನ್ ಗುಡುಗಿತು. ಸೇತುವೆಗೆ ಏರಿದ ಕೂಡಲೇ ನದಿಯ ಗಾಳಿ ಬಡಿಯಿತು. ಹಿಂದಿನಿಂದ ಬರುತ್ತಿದ್ದ ಸದ್ದನ್ನು ಮೂವರೂ ಕಿವಿಗೊಟ್ಟು ಕೇಳುತ್ತಿದ್ದೆವು. ಇನ್ನೂ ಇತ್ತು, ಆದರೆ ತೆಳ್ಳಗಾಗಿತ್ತು.

“ಎಡಕ್ಕೆ! ಎಡಕ್ಕೆ!” ಅಣ್ಣ ಕಿರುಚಿದ. ನಮ್ಮಲ್ಲಿ ಬಲಕ್ಕೆ ಓಡಿಸುತ್ತೇವೆ, ಅವರಲ್ಲಿ ಎಡಕ್ಕೆ. ಅವಸರದಲ್ಲಿ ನಾನು ಬಲದಿಂದ ಎಡಕ್ಕೆ ಹೊರಳಬೇಕಾದ ಜಾಗವನ್ನು ದಾಟಿಬಿಟ್ಟಿದ್ದೆ. ಎದುರಿಂದ ಒಂದು ಟ್ಯಾಂಕರ್ ಹಾರ್ನ್ ಒತ್ತುತ್ತ ಬರುತ್ತಿತ್ತು. ಸ್ಟೇರಿಂಗ್ ತಿರುಗಿಸಿದೆ. ಹಿಂದೆ ಪೆಟ್ಟಿಗೆಗಳು ಕಿರುಗುಟ್ಟಿದವು. ಭಿಕ್ಷುಗಳು ಕಿಟಕಿಯ ಸರಳು ಹಿಡಿದುಕೊಂಡು ಏನೋ ಪಠಿಸುತ್ತಿದ್ದರು. ಟ್ಯಾಂಕರ್ ಕನ್ನಡಿಗೆ ಉಜ್ಜುವಷ್ಟು ಹತ್ತಿರದಲ್ಲಿ ಹಾದು ಹೋಯಿತು. ಆಚೆಯ ಗೇಟಿನಲ್ಲಿಯೂ ಶಾಮಿಯಾನ, ರಿಬ್ಬನ್ನು, ಕಾಯುತ್ತಿದ್ದ ಬ್ಯಾಂಡು. ಕಿಟಕಿಯಲ್ಲಿ ಕಾವಿ ಬಟ್ಟೆ ಕಂಡದ್ದೇ ತಡ, ಅಧಿಕಾರಿಗಳು ಎದ್ದು ಕೈಮುಗಿದರು. “ಗುರುಗಳ ಊಟ!” ಎಂದು ನಾನು ಕೂಗಿದೆ. ರಿಬ್ಬನ್ ತಾನಾಗಿ ಮೇಲೆದ್ದಿತು.

ಬುವಾಲಾಯ್ ಚಿಕ್ಕಮ್ಮ ತೋಟದ ಬಾಗಿಲಲ್ಲೇ ತುದಿಗಾಲಲ್ಲಿ ನಿಂತಿದ್ದಳು. “ಬೆಳಿಗ್ಗೆಯಿಂದ ಕಣ್ಣು ಬಾತುಹೋಯ್ತಲ್ರೋ ಕಾದು ಕಾದು!” ಎಂದವಳು, ಲಾರಿಯ ಅಡಿ ಸುರಿಯುತ್ತಿದ್ದ ಜೇನು ಕಂಡು ಬಾಯಿ ಮುಚ್ಚಿದಳು. ಭಿಕ್ಷುಗಳು ಊಟದ ಚಾಪೆಯ ಕಡೆ ಹೋಗದೆ ನಿಂತೇ ಇದ್ದರು. “ಮೊದ್ಲು ಅವಕ್ಕೆ ಬಾಗಿಲು ತೆಗೀರಿ,” ಎಂದರು.

ನಾನು, ಚಿಕ್ಕಮ್ಮ, ತೋಟದ ಆಳುಗಳು ಪೆಟ್ಟಿಗೆಗಳನ್ನು ಇಳಿಸಿ ಮರಗಳ ನೆರಳಲ್ಲಿ ಇಟ್ಟೆವು. ಅಣ್ಣ ಒಂದೊಂದರ ಜಾಲರಿ ಕಿತ್ತ. ಮೊದಲನೆಯದರಿಂದ ಹುಳುಗಳು ತೆವಳುತ್ತ ಬಂದು, ಹಲಗೆಯ ಮೇಲೆ ನಿಂತು, ಒದ್ದೆ ರೆಕ್ಕೆ ಒರೆಸಿಕೊಂಡವು. ಮೊದಲು ಹತ್ತು, ಆಮೇಲೆ ನೂರು. ತಲೆಯ ಮೇಲೆ ಹೂವಿನ ಘಮ ದಟ್ಟವಾಗಿತ್ತು. ಒಂದು ಹುಳು ಎದ್ದು ಹಾರಿ, ಗೂಡಿನ ಹೊಸ ಜಾಗದ ಗುರುತು ಹಿಡಿಯಲು ಗಾಳಿಯಲ್ಲಿ ಸುತ್ತು ಹಾಕಿತು. ಚಿಕ್ಕಮ್ಮ ಜೋರಾಗಿ ಅತ್ತಳು, ನಾನೂ ಅತ್ತೆ. ಎರಡನೆಯದೂ ಬದುಕಿತ್ತು, ಮೂರನೆಯದೂ.

ಬ್ಯಾನರಿನ ಹಿಂದೆ ಇದ್ದ ಸಾಲಿಗೆ ಬಂದಾಗ ಅಣ್ಣನ ಕೈ ನಿಧಾನವಾಯಿತು. ಜಾಲರಿ ತೆಗೆದ. ಯಾವುದೂ ಹೊರಗೆ ಬರಲಿಲ್ಲ. ಮುಚ್ಚಳ ಎತ್ತಿದ. ಕರಗಿದ ಮೇಣ, ಜೇನು, ಅದರಲ್ಲಿ ಮುಳುಗಿ ಕಪ್ಪಾಗಿ ಅಂಟಿಕೊಂಡ ಹುಳುಗಳ ರಾಶಿ. ಮುಂದಿನದೂ ಹಾಗೇ. ಅದರ ಮುಂದಿನದೂ. ಒಟ್ಟು ಹದಿಮೂರು. ಅಣ್ಣ ಒಂದೊಂದರಲ್ಲೂ ಬೆರಳು ಹಾಕಿ ರಾಣಿಯನ್ನು ಹುಡುಕಿ ತೆಗೆದು, ಎಲೆಯ ಮೇಲೆ ಸಾಲಾಗಿ ಇಟ್ಟ. ನಾನು ಅವನ ಹೆಗಲ ಮೇಲೆ ಕೈ ಇಟ್ಟರೆ, ಮರದ ತುಂಡಿನ ಮೇಲೆ ಇಟ್ಟ ಹಾಗಿತ್ತು.

ಭಿಕ್ಷುಗಳ ಊಟ ಮುಗಿಯುವ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. ಪಸಿತ್.

“ಅಕ್ಕಾ, ಬಂದ್ರು! ಇಬ್ಬರೂ ಬಂದ್ರು. ಲಾರಿ ಎಲ್ಲಿ ಅಂತ ಕೇಳ್ತಿದಾರೆ. ದಮ್ಮಯ್ಯ ಅಂತೀನಿ, ಒಂದು ಸಲ ವಾಪಸ್ ಬನ್ನಿ. ನಾಲ್ಕು ಪೆಟ್ಟಿಗೆ ಆದ್ರೂ ಇರಲಿ, ಫೋಟೋಗೆ.”

ನನ್ನ ಬಾಯಿಗೆ ಏನೇನು ಬಂತೋ ಅದನ್ನೆಲ್ಲ ಇಲ್ಲಿ ಬರೆಯುವ ಹಾಗಿಲ್ಲ. ಅಣ್ಣ ನನ್ನ ಕೈಯಿಂದ ಫೋನು ತೆಗೆದುಕೊಂಡ.

“ಬರ್ತೀವಪ್ಪ,” ಎಂದ. ಆಮೇಲೆ ಸತ್ತ ಪೆಟ್ಟಿಗೆಗಳನ್ನು ತಾನೇ ಎತ್ತಿ ಲಾರಿಗೆ ಇಡತೊಡಗಿದ.

“ಅಣ್ಣಾ, ತಲೆ ಕೆಟ್ಟಿದೆಯಾ ನಿಂಗೆ?”

“ಇವನ್ನ ಎಷ್ಟು ಹೊತ್ತು ಬೇಕಾದ್ರೂ ನಿಲ್ಲಿಸಬಹುದು ತಂಗಿ,” ಎಂದ. “ಬಿಸಿಲು ಇವಕ್ಕೆ ಇನ್ನೇನೂ ಮಾಡಲ್ಲ.”

ಹದಿಮೂರನ್ನೂ ಏರಿಸಿದ. ನಾವು ಸೇತುವೆ ದಾಟಿ, ಈಚೆ ತಿರುಗಿಸಿಕೊಂಡು, ಮತ್ತೆ ಅದೇ ಜಾಗದಲ್ಲಿ ನಿಂತೆವು. ಪಸಿತ್ ರಿಬ್ಬನ್ನನ್ನು ಮತ್ತೆ ಕಟ್ಟಿದ್ದ. ಇಬ್ಬರು ದೊಡ್ಡವರೂ ಒಬ್ಬರಿಗೊಬ್ಬರು “ನೀವು ಮೊದಲು”, “ಛೆ, ನೀವು ಮೊದಲು” ಎಂದು ಬಹಳ ಹೊತ್ತು ಬಗ್ಗಿ, ಕೊನೆಗೆ ಒಂದೇ ಕತ್ತರಿಯನ್ನು ಇಬ್ಬರೂ ಹಿಡಿದು ಕತ್ತರಿಸಿದರು. ಚಪ್ಪಾಳೆ ಬಿತ್ತು. ಹುಡುಗಿಯರು ಬಾಡಿದ ಹೂ ಎರಚಿದರು.

ನಮ್ಮ ಕಡೆಯ ದೊಡ್ಡವರು ಲಾರಿಯ ಹತ್ತಿರ ಬಂದರು. ವಯಸ್ಸಾದವರು, ಮೃದು ಮುಖ, ನೋಡಿದರೆ ಕೆಟ್ಟವರೆನಿಸುವುದಿಲ್ಲ. ಪೆಟ್ಟಿಗೆಗೆ ಕಿವಿ ಹತ್ತಿರ ತಂದರು. ಫೋಟೋದವರು ಸುತ್ತ ನೆರೆದರು.

“ಎಷ್ಟು ಶಾಂತವಾಗಿವೆ!” ಎಂದು ನಕ್ಕರು. “ಕಚ್ಚೋದಿಲ್ಲವೇನಪ್ಪ ನಿನ್ನ ಹುಳುಗಳು?”

ಅಣ್ಣ ಮುಚ್ಚಳ ಎತ್ತಿದ. ಅವರಿಗೆ ಸರಿಯಾಗಿ ಕಾಣಲೆಂದು ಪೆಟ್ಟಿಗೆಯನ್ನು ಸ್ವಲ್ಪ ಅವರ ಕಡೆ ವಾಲಿಸಿ ಹಿಡಿದ. ದೊಡ್ಡವರ ನಗು ಹೋಯಿತು. ಫೋಟೋದವರು ಕ್ಯಾಮೆರಾ ಇಳಿಸಿದರು. ಪಸಿತ್ ಅಲ್ಲೇ ನೆಲಕ್ಕೆ ಕುಕ್ಕರಿಸಿದ.

“ಯಾವಾಗ ಆಯ್ತು ಇದು?” ಎಂದರು ದೊಡ್ಡವರು.

“ನಿಮ್ಮನ್ನ ಕಾಯ್ತಾ ಇದ್ದಾಗ ಸಾರ್.”

ಅವರು ಕರವಸ್ತ್ರ ತೆಗೆದು, ಮುಖ ಒರೆಸಿಕೊಳ್ಳದೆ ಹಾಗೇ ಕೈಯಲ್ಲಿ ಹಿಡಿದುಕೊಂಡರು. “ನಾನು ಎಷ್ಟು ಹೊತ್ತಿಗೆ ಬರಬೇಕಾಗಿತ್ತು?” ಎಂದು ಕೇಳಿದರು. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದರು.

ಅಣ್ಣ ಎರಡೂ ಕೈ ಜೋಡಿಸಿ ತಲೆ ಬಗ್ಗಿಸಿದ, ದೊಡ್ಡವರೆದುರು ಯಾವಾಗಲೂ ಬಗ್ಗಿಸುವ ಹಾಗೆಯೇ.

“ನೀವು ಬರಬೇಕಾಗೇ ಇರಲಿಲ್ಲ ಸಾರ್,” ಎಂದ. “ಗೇಟು ತೆಗೆದಿದ್ರೆ ಸಾಕಾಗಿತ್ತು.”